ಸೇನೆಗೆ ಹೊತ್ತೊಯ್ಯುವ ಡೀಸೆಲ್ ಜನರೇಟರ್: ಹಗುರ ಮಾಡೋದು, ಆಮೇಲೆ ಚಳಿಯಲ್ಲಿ ಸ್ಟಾರ್ಟ್ ಮಾಡಿಸೋದು

ನಮ್ಮ ಮೊದಲ ಸೆಟ್ ಪುಣೆ ಪಕ್ಕದ ಭೋಸರಿಯ ಶೆಡ್‌ನಲ್ಲಿ ಸ್ಟಾರ್ಟ್ ಆದ ದಿನ ಧಾರವಾಡ ಪೇಢೆ ಹಂಚಿದ್ದೆವು. ಬಲ್ಬುಗಳು ಉರಿದವು, ಮೀಟರ್ 230 ವೋಲ್ಟ್, 50 ಹರ್ಟ್ಸ್ ತೋರಿಸಿತು, ಎಲ್ಲರೂ ಫೋಟೋ ತೆಗೆದುಕೊಂಡರು. ಅಷ್ಟೊತ್ತಿಗೆ ಗೋಕಾಕದ ಕಾಕಾ ಬಂದರು. ಸೇನೆಯ ಯಂತ್ರ ರಿಪೇರಿ ವಿಭಾಗವಾದ ಇಎಂಇಯಲ್ಲಿ ಹವಾಲ್ದಾರ್ ಆಗಿದ್ದು ರಿಟೈರ್ ಆದವರು, ಈಗ ದಿಘಿಯಲ್ಲಿ ಮಗನ ಮನೆಯಲ್ಲಿದ್ದಾರೆ, ಬೇಜಾರಾದಾಗ ನಮ್ಮ ಶೆಡ್‌ಗೆ ಬಂದು ಚಹಾ ಕುಡಿದು, ನಮ್ಮನ್ನು ಬೈದು ಹೋಗುತ್ತಾರೆ. ಸೆಟ್ ಸುತ್ತ ಒಂದು ಸುತ್ತು ಹಾಕಿ ಕೇಳಿದರು: "ಛಲೋ ಐತಿ ತಮ್ಮಾ. ಇದನ್ನ ಹೊರಾವ್ರು ಯಾರು?"

ತೂಕ 104 ಕೆಜಿ ಇತ್ತು. ಯಾರೂ ಮಾತಾಡಲಿಲ್ಲ.

ಈ ಬರಹ ಅಲ್ಲಿಂದ ಶುರುವಾದ ಕೆಲಸದ್ದು. ಸೇನೆಗೆ ಅಂತ ಸಣ್ಣ ಡೀಸೆಲ್ ಸೆಟ್ ಮಾಡಬೇಕು ಅನ್ನುವವರಿಗೆ, ಅದರಲ್ಲೂ ಪಿಂಪ್ರಿ, ಚಾಕಣ ಕಡೆ ಶೆಡ್ ಇಟ್ಟುಕೊಂಡಿರುವ ನಮ್ಮ ಬೆಳಗಾವಿ, ಹುಬ್ಬಳ್ಳಿ ಹುಡುಗರಿಗೆ ಬರೆದದ್ದು. ಮೊದಲೇ ಹೇಳಿಬಿಡುತ್ತೇನೆ: ಹಗುರ ಮಾಡೋದು ಅಷ್ಟೇನೂ ಕಷ್ಟ ಅಲ್ಲ. ಹಗುರ ಮಾಡಿದ ಮೇಲೆ ಅದನ್ನು ಮೈನಸ್ 20 ಡಿಗ್ರಿಯಲ್ಲಿ ಸ್ಟಾರ್ಟ್ ಮಾಡಿಸೋದು ಕಷ್ಟ. ನೀವು ತೂಕ ಇಳಿಸಲು ತೆಗೆಯುವ ಒಂದೊಂದು ವಸ್ತುವೂ ಸ್ಟಾರ್ಟ್‌ಗೆ ಬೇಕಾದದ್ದೇ ಆಗಿರುತ್ತದೆ. ಬ್ಯಾಟರಿ, ಫ್ಲೈವೀಲ್ (ಎಂಜಿನ್ ಓಟ ಹಿಡಿದಿಡುವ ಭಾರದ ಚಕ್ರ), ಹೀಟರ್, ಎಲ್ಲವೂ.

ಮೊದಲು ಲೋಡ್ ಬರೆಯಿರಿ

ಎಂಜಿನ್ ಕ್ಯಾಟಲಾಗ್ ತೆರೆಯಬೇಡಿ. ಒಂದು ಹಾಳೆ ತಗೊಂಡು, ಸೆಟ್ ಹೋಗುವ ಸೇನೆಯ ಪೋಸ್ಟ್‌ನಲ್ಲಿ ಏನೇನು ನಡೆಯಬೇಕು ಅಂತ ಬರೆಯಿರಿ. ರೇಡಿಯೋ ಬ್ಯಾಟರಿಗಳ ಚಾರ್ಜರ್, ಒಂದಷ್ಟು ಎಲ್‌ಇಡಿ ದೀಪ, ಲ್ಯಾಪ್‌ಟಾಪ್, ಕ್ಯಾಮೆರಾ. ಕೂಡಿಸಿದರೆ ಒಂದು ಕಿಲೋವ್ಯಾಟ್ ಕೂಡ ಆಗೋದಿಲ್ಲ. ನಾನು ಖುಷಿಯಾಗಿ ಇದನ್ನು ಕಾಕಾಗೆ ತೋರಿಸಿದೆ.

"ಚಹಾಕ್ಕ ರಾಡ್ ಹಾಕ್ತಾರ ತಮ್ಮಾ," ಅಂದರು. "ಬ್ಯಾಡ ಅಂದ್ರೂ ಹಾಕೇ ಹಾಕ್ತಾರ."

ಹೌದು, ನೀರು ಕಾಯಿಸುವ ರಾಡ್ ಒಂದೇ 1,000 ವ್ಯಾಟ್, ಕೆಲವು 1,500. ಯಾವ ಬೇಡಿಕೆ ಪತ್ರದಲ್ಲೂ ಅದು ಇರೋದಿಲ್ಲ, ಆದರೆ ಸೆಟ್ ಟ್ರಿಪ್ ಆದಾಗ ಕೆಟ್ಟ ಹೆಸರು ನಿಮಗೇ ಬರೋದು. ಅದನ್ನೂ ಸೇರಿಸಿ ನಾವು 3 ಕೆವಿಎಗೆ ಬಂದೆವು. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8 ಹಿಡಿದರೆ 2.4 ಕಿಲೋವ್ಯಾಟ್. ಕೆವಿಎಯನ್ನೇ ಕಿಲೋವ್ಯಾಟ್ ಅಂದುಕೊಂಡು ಎಂಜಿನ್ ಆರಿಸುವವರು ಇದ್ದಾರೆ, ನೀವು ಹಾಗೆ ಮಾಡಬೇಡಿ. ಇನ್ನೊಂದು ಮಾತು, ಸೇನೆಯ ಗಾಡಿ ಮತ್ತು ರೇಡಿಯೋಗಳಲ್ಲಿ ತುಂಬಾ ಸಾಮಾನುಗಳು 24 ವೋಲ್ಟ್ ಡಿಸಿ ವ್ಯವಸ್ಥೆಯವು, ಚಾರ್ಜ್ ಮಾಡುವಾಗ 28 ವೋಲ್ಟ್. ಸೆಟ್‌ನಿಂದಲೇ 28 ವೋಲ್ಟ್ ಡಿಸಿ ಕೊಟ್ಟರೆ ಬೇರೆ ಚಾರ್ಜರ್ ಹೊರುವುದು ತಪ್ಪುತ್ತದೆ. ಅದೂ ತೂಕ ಉಳಿಸಿದಂತೆಯೇ ಅಲ್ವಾ?

ಈಗ ಲೆಕ್ಕ. ಹೊರಗೆ 2.4 ಕಿಲೋವ್ಯಾಟ್ ಬೇಕು. ಕರೆಂಟ್ ಹುಟ್ಟಿಸುವ ಸಣ್ಣ ಆಲ್ಟರ್ನೇಟರ್‌ನ ದಕ್ಷತೆ ಶೇ. 80 ಅಂತ ಇಟ್ಟುಕೊಳ್ಳಿ, ಆಗ ಎಂಜಿನ್ ಶಾಫ್ಟ್‌ನಲ್ಲಿ 3 ಕಿಲೋವ್ಯಾಟ್ ಬೇಕು. ಇದು ಸಮುದ್ರಮಟ್ಟದ ಮಾತು. ಟರ್ಬೊ (ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 65ರಷ್ಟು ಮಾತ್ರ. ಅಂದರೆ ಎಂಜಿನ್‌ನಲ್ಲಿ ಮೂರನೇ ಒಂದು ಪಾಲು ಹೋಯಿತು. 3 ಕಿಲೋವ್ಯಾಟ್ ಅಲ್ಲಿ ಸಿಗಬೇಕಾದರೆ ಇಲ್ಲಿ ಸುಮಾರು 4.6 ಇರಬೇಕು, ಮೇಲೆ ಸ್ವಲ್ಪ ಉಳಿಕೆ ಸೇರಿಸಿ 5 ಅನ್ನಿ. ಅದೇ ಎಂಜಿನ್ ಖಾರ್ದುಂಗ್ ಲಾ ಹತ್ತಿದರೆ, ಅದು 5,359 ಮೀಟರ್, ಅಲ್ಲಿ ಗಾಳಿ ಹೆಚ್ಚು ಕಡಿಮೆ ಅರ್ಧ, ಎಂಜಿನ್ 2.5 ಕೊಡುತ್ತದೆ, ಹೊರಗೆ ಬರೋದು 2 ಕಿಲೋವ್ಯಾಟ್. ಆ ಎರಡನ್ನೂ ಸೆಟ್ಟಿನ ಪ್ಲೇಟ್ ಮೇಲೆ ಬರೆಯಿರಿ: ಬಯಲಲ್ಲಿ ಇಷ್ಟು, ಮೇಲೆ ಇಷ್ಟು. ಮುಚ್ಚಿಟ್ಟರೆ ಟ್ರಯಲ್‌ನಲ್ಲಿ ಗೊತ್ತಾಗೇ ಆಗುತ್ತದೆ.

ಡೀಸೆಲ್ ಲೆಕ್ಕವನ್ನೂ ಈಗಲೇ ಮಾಡಿ. ಈ ಗಾತ್ರದ ಎಂಜಿನ್ ಒಂದು ಕಿಲೋವ್ಯಾಟ್-ಗಂಟೆಗೆ 280 ಗ್ರಾಂ ಆಸುಪಾಸು ಕುಡಿಯುತ್ತದೆ. ಪೂರ್ತಿ ಲೋಡ್‌ನಲ್ಲಿ ಗಂಟೆಗೆ 840 ಗ್ರಾಂ, ಅಂದರೆ ಒಂದು ಲೀಟರ್. ರಾತ್ರಿಯಿಡೀ ನಡೆಯಲು 8 ಲೀಟರ್ ಟ್ಯಾಂಕ್.

ಪೆಟ್ರೋಲ್ ಸೆಟ್ ಇದಕ್ಕಿಂತ ಎಷ್ಟೋ ಹಗುರ, ಹಾಗಿದ್ದರೆ ಡೀಸೆಲ್ ಯಾಕೆ ಅಂತ ನೀವು ಕೇಳಬಹುದು. ಲಾರಿ ಡೀಸೆಲ್, ಟ್ಯಾಂಕ್ ಡೀಸೆಲ್, ಮೇಲಕ್ಕೆ ಹೋಗುವ ಬ್ಯಾರೆಲ್ಲೂ ಡೀಸೆಲ್. ಒಂದು ಸಣ್ಣ ಸೆಟ್‌ಗಾಗಿ ಬೇರೆ ಎಣ್ಣೆ ಯಾರೂ ಹೊರೋದಿಲ್ಲ. ಪೆಟ್ರೋಲ್ ಆವಿ ಎಂಥ ಚಳಿಯಲ್ಲೂ ಕಿಡಿಗೆ ಹತ್ತಿಕೊಳ್ಳುತ್ತದೆ, ಡೀಸೆಲ್ ಹಾಗೆ ಹತ್ತೋದಿಲ್ಲ. ಜೊತೆಗೆ ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ಪಕ್ಕದ ರೇಡಿಯೋದಲ್ಲಿ ಚಟಪಟ ಸದ್ದೂ ಕಡಿಮೆ.

ತೂಕದ ಖಾತೆ ಪುಸ್ತಕ

ಕಿರಾಣಿ ಅಂಗಡಿಯ ಖಾತೆ ಹೇಗೆ ಇಡುತ್ತಾರೋ ಹಾಗೆ ತೂಕದ ಖಾತೆ ಇಡಿ. ಒಂದೊಂದು ಭಾಗವನ್ನೂ ತಕ್ಕಡಿಗೆ ಹಾಕಿ ಬರೆಯಿರಿ, ಕ್ಯಾಟಲಾಗ್ ತೂಕ ನಂಬಬೇಡಿ. ನಮ್ಮ ಮೊದಲ ಸೆಟ್ ಹೀಗಿತ್ತು: ಗಾಳಿಯಿಂದ ತಂಪಾಗುವ ಒಂದು ಸಿಲಿಂಡರ್ ಎಂಜಿನ್ 38 ಕೆಜಿ, ಆಲ್ಟರ್ನೇಟರ್ 28, ಕಬ್ಬಿಣದ ಫ್ರೇಮ್ 16, ಲೆಡ್ ಆಸಿಡ್ ಬ್ಯಾಟರಿ 10, ಸೈಲೆನ್ಸರ್ ಮತ್ತು ಗಾಳಿ ದಾರಿ 6, ಟ್ಯಾಂಕ್ 4, ವೈರು, ಟೂಲ್ ಎಲ್ಲ ಸೇರಿ 2. ಕೂಡಿಸಿ, 104.

ಎಲ್ಲರ ಕಣ್ಣು ಮೊದಲು ಎಂಜಿನ್ ಮೇಲೆ ಹೋಗುತ್ತದೆ. ನಮ್ಮದೂ ಹೋಯಿತು. ಇನ್ನೂ ಸಣ್ಣ ಎಂಜಿನ್ ಹಾಕಿ ಜಾಸ್ತಿ ಓಡಿಸೋಣ ಅಂತ ಮೂರು ತಿಂಗಳು ಕಳೆದೆವು, ಅದು ಮೇಲೆ ಹೋದರೆ ಉಸಿರು ಬಿಡುತ್ತದೆ ಅಂತ ಲೆಕ್ಕದಲ್ಲೇ ಕಾಣುತ್ತಿತ್ತು, ಆದರೂ ಕಳೆದೆವು. ಕೊನೆಗೆ ಎಂಜಿನ್ ಬಿಟ್ಟು ಉಳಿದ 66 ಕೆಜಿ ಮೇಲೆ ಕೈ ಹಾಕಿದ ಮೇಲೆ ಕೆಲಸ ಸಾಗಿತು.

ಆಲ್ಟರ್ನೇಟರ್‌ನಲ್ಲೇ ದೊಡ್ಡ ಉಳಿತಾಯ ಇದೆ. ಸಾಮಾನ್ಯ ಸೆಟ್‌ನಲ್ಲಿ 50 ಹರ್ಟ್ಸ್ ಬೇಕಾದರೆ ಎರಡು ಪೋಲ್‌ನ (ಮ್ಯಾಗ್ನೆಟ್ ಧ್ರುವದ) ಆಲ್ಟರ್ನೇಟರ್ 3,000 ಆರ್‌ಪಿಎಂನಲ್ಲಿ ತಿರುಗಲೇಬೇಕು, ನಾಲ್ಕು ಪೋಲ್ ಆದರೆ 1,500ರಲ್ಲಿ. ಲೋಡ್ ಇರಲಿ ಬಿಡಲಿ ಅದೇ ವೇಗ. ಇದರ ಬದಲು ಕಾಯಂ ಮ್ಯಾಗ್ನೆಟ್ ಇರುವ, ತುಂಬಾ ಪೋಲ್‌ಗಳ ತೆಳ್ಳನೆಯ ಆಲ್ಟರ್ನೇಟರ್ ಹಾಕಿ, ಅದರಿಂದ ಬಂದ ಕರೆಂಟನ್ನು ಡಿಸಿ ಮಾಡಿ, ಇನ್ವರ್ಟರ್‌ನಿಂದ 230 ವೋಲ್ಟ್ ತೆಗೆದರೆ ಎಂಜಿನ್ ವೇಗಕ್ಕೂ ಹರ್ಟ್ಸ್‌ಗೂ ಸಂಬಂಧವೇ ಇರೋದಿಲ್ಲ. ನಮಗೆ 28 ಕೆಜಿ ಹೋಗಿ 7 ಬಂತು, ಇನ್ವರ್ಟರ್ ಮತ್ತು ಕಂಟ್ರೋಲ್‌ಗೆ 5. ಕಡಿಮೆ ಲೋಡ್‌ನಲ್ಲಿ ಎಂಜಿನ್ 2,000 ಆರ್‌ಪಿಎಂಗೆ ಇಳಿಯುತ್ತದೆ, ಸದ್ದೂ ಇಳಿಯುತ್ತದೆ, ಡೀಸೆಲ್ಲೂ ಉಳಿಯುತ್ತದೆ. 28 ವೋಲ್ಟ್ ಡಿಸಿ ಕೊಡುವುದೂ ಇದರಲ್ಲಿ ಸುಲಭ.

ಆದರೆ ಇದರಲ್ಲಿ ಮೂರು ಗುಂಡಿಗಳಿವೆ, ಮೂರರಲ್ಲೂ ನಾವು ಬಿದ್ದಿದ್ದೇವೆ. ಮ್ಯಾಗ್ನೆಟ್ ಕೊಳ್ಳುವಾಗ ಬಿಸಿ ತಡೆಯುವ ದರ್ಜೆ ಕೇಳಿ. ಸಾದಾ ನಿಯೋಡಿಮಿಯಂ 80 ಡಿಗ್ರಿ ತನಕ ಮಾತ್ರ ಸೈ, ಎಸ್‌ಎಚ್ ದರ್ಜೆಯದು 150 ತನಕ. ಎಂಜಿನ್‌ಗೆ ಅಂಟಿಕೊಂಡೇ ಕೂರುವ ಜಾಗದಲ್ಲಿ ಸಾದಾ ಹಾಕಿದರೆ ಮೇ ತಿಂಗಳ ಒಂದು ಮಧ್ಯಾಹ್ನ ವೋಲ್ಟೇಜ್ ಇಳಿಯುತ್ತದೆ, ತಂಪಾದ ಮೇಲೂ ಪೂರ್ತಿ ವಾಪಸ್ ಬರೋದಿಲ್ಲ. ಎರಡನೇದು, ಆ ಮ್ಯಾಗ್ನೆಟ್ ಇರುವ ತಿರುಗುವ ಭಾಗ, ಅಂದರೆ ರೋಟರನ್ನು ಲೇತ್ ಪಕ್ಕದ ಬೆಂಚ್ ಮೇಲೆ ಬಿಚ್ಚಿಡಬೇಡಿ, ನಮ್ಮ ಶೆಡ್‌ಗಳಲ್ಲಿ ಗಾಳಿಯಲ್ಲೇ ಕಬ್ಬಿಣದ ಪುಡಿ ಇರುತ್ತದೆ, ಅದೆಲ್ಲ ಹೋಗಿ ಅಂಟಿಕೊಂಡು ಗಡ್ಡ ಬೆಳೆಯುತ್ತದೆ, ತೆಗೆಯಲು ಅರ್ಧ ದಿನ. ಬೆರಳೂ ಜೋಪಾನ. ಮೂರನೇದು, ಇನ್ವರ್ಟರ್‌ಗೆ ಎದೆಗಾರಿಕೆ ಕಡಿಮೆ. ಮೋಟರ್ ಸ್ಟಾರ್ಟ್ ಆಗುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, ಹಳೇ ಆಲ್ಟರ್ನೇಟರ್ ತಿಣುಕಿಯಾದರೂ ಕೊಡುತ್ತಿತ್ತು, ಇನ್ವರ್ಟರ್ ಟಕ್ ಅಂತ ಬಂದ್ ಆಗುತ್ತದೆ. ಪಂಪ್, ಕಂಪ್ರೆಸರ್ ಹಾಕುವ ಮಾತಿದ್ದರೆ ಮೊದಲೇ ಕೇಳಿಕೊಳ್ಳಿ.

ಫ್ರೇಮ್ ಅಲ್ಯೂಮಿನಿಯಂ ಪೈಪಿನದು ಮಾಡಿದೆವು, 16 ಹೋಗಿ 7 ಆಯಿತು. ಟ್ಯಾಂಕ್ ಪ್ಲಾಸ್ಟಿಕ್, 1.5. ಸೈಲೆನ್ಸರ್ 3.5. ಬ್ಯಾಟರಿ ಲಿಥಿಯಂ, 2.5. ಅದರ ಕಥೆ ಮುಂದಿದೆ. ಎಲ್ಲ ಸೇರಿ 66.5 ಕೆಜಿ, ಎಂಜಿನ್ ಅದೇ 38. ಹೋಲಿಕೆಗೆ ಹೇಳುತ್ತೇನೆ, ಅಮೆರಿಕ ಸೇನೆಯ 2 ಕಿಲೋವ್ಯಾಟ್‌ನ ಸಣ್ಣ ಡೀಸೆಲ್ ಸೆಟ್ಟೇ 60 ಕೆಜಿ ಮೇಲಿದೆ, ಸದ್ದಡಗಿಸಿದ 3 ಕಿಲೋವ್ಯಾಟ್‌ನದು 140 ದಾಟುತ್ತದೆ. ಹಾಗಾಗಿ ಯಾರಾದರೂ 30 ಕೆಜಿಯಲ್ಲಿ 3 ಕೆವಿಎ ಡೀಸೆಲ್ ಅಂದರೆ ತಕ್ಕಡಿ ತರಿಸಿ.

ಎಲ್ಲಿ ಉಳಿಸಬಾರದು? ಹಿಡಿಕೆ, ರಬ್ಬರ್ ಮೌಂಟ್, ಏರ್ ಫಿಲ್ಟರ್. ಈ ಮೂರರಲ್ಲಿ ಗ್ರಾಂ ಲೆಕ್ಕ ಹಾಕಿದವರು ಕಿಲೋ ಲೆಕ್ಕದಲ್ಲಿ ಅಳುತ್ತಾರೆ.

ಸೆಟ್ಟನ್ನು ಎರಡು ಹೊರೆ ಮಾಡಿ, ಕ್ಲಿಪ್ ಬಿಚ್ಚಿದರೆ ಎಂಜಿನ್ ಮತ್ತು ಆಲ್ಟರ್ನೇಟರ್ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಮನುಷ್ಯರಾದರೆ ದೊಡ್ಡ ಹೊರೆಯನ್ನು ಇಬ್ಬರು ಕಂಬಿಗೆ ಕಟ್ಟಿ ಒಯ್ಯುತ್ತಾರೆ. ಹೇಸರಗತ್ತೆಯಾದರೆ ಎರಡು ಪಕ್ಕಕ್ಕೂ ತೂಕ ಸಮ ಬರಬೇಕು, ಡೀಸೆಲ್ ಡಬ್ಬಿಯನ್ನು ಹಗುರ ಪಕ್ಕಕ್ಕೆ ಕಟ್ಟಿದರೆ ಸರಿಹೋಗುತ್ತದೆ.

ಹೊರುವ ಪರೀಕ್ಷೆಗೆ ನಾವು ಸಿಂಹಗಡಕ್ಕೆ ಹೋದೆವು. ಎಂಜಿನ್ ಒಯ್ಯಲಿಲ್ಲ, ಅದೇ ಫ್ರೇಮ್‌ಗೆ ಮರಳು ಚೀಲ ಕಟ್ಟಿ ಅಷ್ಟೇ ತೂಕ ಮಾಡಿ, ಭಾನುವಾರ ಬೆಳಿಗ್ಗೆ ಪುಣೆಯ ಅರ್ಧ ಊರು ಹತ್ತುತ್ತಿರುವಾಗ ನಾವೂ ಹತ್ತಿದೆವು. ಜನ ವಿಚಿತ್ರವಾಗಿ ನೋಡಿದರು. ಕಾಲು ದಾರಿ ಹೋಗೋದರೊಳಗೆ ಗೊತ್ತಾಯಿತು, ಹಿಡಿಕೆಯ ಎತ್ತರ ತಪ್ಪಿದೆ, ಪೈಪಿನ ಮೂಲೆ ಸೊಂಟಕ್ಕೆ ಚುಚ್ಚುತ್ತದೆ, ಹಿಂದೆ ಹಿಡಿದವನಿಗೆ ಮುಂದಿನ ಮೆಟ್ಟಿಲು ಕಾಣೋದೇ ಇಲ್ಲ. ಕಂಪ್ಯೂಟರ್ ಡ್ರಾಯಿಂಗ್‌ನಲ್ಲಿ ಇದ್ಯಾವುದೂ ಕಂಡಿರಲಿಲ್ಲ. ಮೇಲೆ ಪಿಠ್ಲ ಭಾಕರಿ ತಿಂದು, ಪೇಪರ್ ಪ್ಲೇಟಿನ ಹಿಂದೆ ಹೊಸ ಹಿಡಿಕೆ ಬರೆದುಕೊಂಡು ಇಳಿದೆವು.

ನಡುಕ

ಒಂದು ಸಿಲಿಂಡರ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಗುದ್ದುತ್ತದೆ. 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 25 ಗುದ್ದು. ಸೆಟ್ ಹಗುರ ಆದಷ್ಟೂ ಆ ಗುದ್ದು ತಡೆಯುವ ಮೈ ಕಡಿಮೆ, ಕುಣಿತ ಜಾಸ್ತಿ. ರಬ್ಬರ್ ಮೌಂಟ್ ಮೇಲೆ ಕೂತ ಎಂಜಿನ್‌ನ ಸ್ವಂತ ಕಂಪನ, ಗುದ್ದಿನ ಸಂಖ್ಯೆಯನ್ನು 1.4ರಿಂದ ಭಾಗಿಸಿದ್ದಕ್ಕಿಂತ ಕೆಳಗಿರಬೇಕು, ಅಲ್ಲಿಂದ ಕೆಳಗೆ ಮಾತ್ರ ಮೌಂಟ್ ನಡುಕ ತಡೆಯುತ್ತದೆ, ಮೇಲಿದ್ದರೆ ಹೆಚ್ಚಿಸುತ್ತದೆ. 25ಕ್ಕೆ ಸುಮಾರು 18. ಆದರೆ ನಮ್ಮದು 2,000ಕ್ಕೂ ಇಳಿಯುವ ಸೆಟ್, ಅಲ್ಲಿ ಸೆಕೆಂಡಿಗೆ 16.7 ಗುದ್ದು, ಹಾಗಾಗಿ ಮೌಂಟ್ 12ರ ಕೆಳಗಿರಬೇಕಾಯಿತು. ಅಷ್ಟು ಮೆತ್ತಗಿನ ಮೌಂಟ್ ಹಾಕಿದರೆ ಸ್ಟಾರ್ಟ್ ಮತ್ತು ಬಂದ್ ಆಗುವಾಗ ಎಂಜಿನ್ ಹುಚ್ಚು ಕುಣಿಯುತ್ತದೆ, ಡೀಸೆಲ್ ಪೈಪು, ಸೈಲೆನ್ಸರ್ ಬಾಯಿ ಎಲ್ಲ ಅಲ್ಲೇ ಬಿರಿಯೋದು. ಪೈಪಿಗೆ ಒಂದು ಸುತ್ತು ಸಡಿಲ ಬಿಡಿ, ಮೌಂಟ್‌ಗೆ ತಡೆ ಹಾಕಿ. ಚಳಿಯಲ್ಲಿ ರಬ್ಬರ್ ಗಟ್ಟಿಯಾಗಿ ಲೆಕ್ಕವೇ ಬದಲಾಗುತ್ತದೆ ಅನ್ನೋದು ನೆನಪಿರಲಿ, ನಿಯೋಪ್ರೀನ್‌ಗಿಂತ ಸಹಜ ರಬ್ಬರ್ ಚಳಿಗೆ ವಾಸಿ, ಆದರೆ ಅದಕ್ಕೆ ಎಣ್ಣೆ ತಾಗಬಾರದು.

ಚಳಿಯಲ್ಲಿ ಸ್ಟಾರ್ಟ್

ಡೀಸೆಲ್ ಎಂಜಿನ್‌ಗೆ ಕಿಡಿ ಇಲ್ಲ, ಗಾಳಿಯನ್ನು ಒತ್ತಿ ಬಿಸಿ ಮಾಡಿ ಅದರಲ್ಲಿ ಎಣ್ಣೆ ಚಿಮುಕಿಸಿದಾಗ ಉರಿಯುತ್ತದೆ. ಹೊರಗಿನ ಗಾಳಿ ಮೈನಸ್ 20ರಲ್ಲಿದ್ದು, ಎತ್ತರದಿಂದ ತೆಳ್ಳಗೂ ಆಗಿದ್ದು, ಸ್ಟಾರ್ಟ್ ಮಾಡುವ ಹಗ್ಗವನ್ನು ನಿಧಾನ ಎಳೆದರೆ ಸಿಲಿಂಡರ್ ಗೋಡೆಯೇ ಆ ಬಿಸಿಯನ್ನು ನುಂಗಿಬಿಡುತ್ತದೆ. ಸ್ಟಾರ್ಟ್ ಆಗಬೇಕಾದರೆ ಬೇಗ ತಿರುಗಿಸಬೇಕು. ಬೇಗ ತಿರುಗಿಸಲು ಬಿಡದಿರೋದು ಗಟ್ಟಿಯಾದ ಆಯಿಲ್. ಅದಕ್ಕೆ ಇಲ್ಲಿ ಮೂರು ವಿಷಯ ಒಟ್ಟಿಗೆ ಸರಿ ಮಾಡಬೇಕು, ಒಂದು ಬಿಟ್ಟರೂ ಉಳಿದೆರಡು ದಂಡ.

ಎಣ್ಣೆ ಮೊದಲು. ಪುಣೆಯ ಬಂಕಿನ ಡೀಸೆಲ್ ಲಡಾಖಿನ ಚಳಿಗಾಲಕ್ಕೆ ಬರೋದಿಲ್ಲ, ಮೇಣ ಕಟ್ಟಿ ಫಿಲ್ಟರ್ ಮುಚ್ಚಿಹೋಗುತ್ತದೆ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆ ಅಂತಲೇ ಚಳಿಗಾಲದ ಡೀಸೆಲ್ ತಂದಿತು, ಅದು ಮೈನಸ್ 33 ಡಿಗ್ರಿ ತನಕ ಹರಿಯುತ್ತದೆ. ಚೇಂಬರ್ (ಸೆಟ್ ಒಳಗಿಟ್ಟು ಚಳಿ ಮಾಡುವ ಟೆಸ್ಟ್ ಕೋಣೆ) ಟೆಸ್ಟ್‌ಗೆ ಅದೇ ದರ್ಜೆಯ ಎಣ್ಣೆ ಹಾಕಿ. ಇಲ್ಲಿಯ ಡೀಸೆಲ್ ಹಾಕಿ ಫೇಲ್ ಆಗಿ ಎಂಜಿನ್ನನ್ನು ಬೈದರೆ ನ್ಯಾಯ ಅಲ್ಲ. ಎಂಜಿನ್ ಆಯಿಲ್ಲೂ ಅಷ್ಟೇ, 15ಡಬ್ಲ್ಯು-40 ಅಲ್ಲಿ ಜೇನುತುಪ್ಪ, 5ಡಬ್ಲ್ಯು ಅಥವಾ 0ಡಬ್ಲ್ಯು ಹಾಕಿ.

ಎರಡನೇದು ಬಿಸಿ. ಸಣ್ಣ ಎಂಜಿನ್‌ಗಳಲ್ಲಿ ಹೀಟರ್ ಪ್ಲಗ್ ಇರೋದು ಕಡಿಮೆ, ಒಳಗೆ ಹೋಗುವ ಗಾಳಿಯನ್ನು ಬಿಸಿ ಮಾಡುವ ಸಣ್ಣ ಕಾಯಿಲ್ ಹಾಕಬಹುದು. ಅದಕ್ಕೆ ಬ್ಯಾಟರಿ ಬೇಕು. ಲೆಡ್ ಆಸಿಡ್ ಬ್ಯಾಟರಿ ಆ ಚಳಿಯಲ್ಲಿ ಅರ್ಧಕ್ಕೆ ಇಳಿಯುತ್ತದೆ, ಲಿಥಿಯಂ ಫಾಸ್ಫೇಟ್ ಹಗುರ, ಆದರೆ ಸೊನ್ನೆ ಡಿಗ್ರಿಯ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಹಾಳಾಗುತ್ತದೆ. ನಾವು ಚಾರ್ಜರ್‌ಗೆ ಒಂದು ತಾಪಮಾನದ ಸೆನ್ಸರ್ ಕಟ್ಟಿದೆವು, ಬ್ಯಾಟರಿ ಬಿಸಿಯಾಗುವ ತನಕ ಚಾರ್ಜ್ ಇಲ್ಲ. ರಾತ್ರಿ ಬ್ಯಾಟರಿಯನ್ನು ಬಿಚ್ಚಿ ಟೆಂಟಿನೊಳಗೆ ಒಯ್ಯುವಂತೆಯೂ ಮಾಡಿದೆವು, ಮಲಗುವ ಚೀಲದೊಳಗೆ ಇಟ್ಟುಕೊಂಡರೆ ಬೆಳಿಗ್ಗೆ ಕೆಲಸ ಮಾಡುತ್ತದೆ. ಈಥರ್ ಸ್ಪ್ರೇ ಹೊಡೆಯುವ ಅಭ್ಯಾಸ ಇರುವವರು ಕೇಳಿಸಿಕೊಳ್ಳಿ: ಹೀಟರ್ ಕಾಯಿಲ್ ಇರುವ ಎಂಜಿನ್‌ಗೆ ಅದನ್ನು ಹೊಡೆಯಲೇಬಾರದು, ಮುಖದ ಮೇಲೇ ಬೆಂಕಿ.

ಮೂರನೇದು ಕೈ. ಬ್ಯಾಟರಿ ಸತ್ತರೂ ಹಗ್ಗದಿಂದ ಸ್ಟಾರ್ಟ್ ಆಗಬೇಕು, ಇದರಲ್ಲಿ ರಾಜಿ ಇಲ್ಲ. ಡಿಕಂಪ್ರೆಶನ್ ಲಿವರ್ (ಸಿಲಿಂಡರ್ ಒತ್ತಡ ಬಿಡುವ ಹಿಡಿ) ಎತ್ತಿ ನಾಲ್ಕೈದು ಸಲ ಸುಮ್ನೆ ಎಳೆದು ಆಯಿಲ್ ಸಡಿಲ ಮಾಡಿ, ಆಮೇಲೆ ಲಿವರ್ ಹಾಕಿ ಜೋರಾಗಿ ಒಂದು ಎಳೆತ. ಇಲ್ಲೇ ನಾವು ದೊಡ್ಡ ತಪ್ಪು ಮಾಡಿದ್ದು. ತೂಕದ ಹುಚ್ಚಿನಲ್ಲಿ ಫ್ಲೈವೀಲ್‌ನಿಂದ 3 ಕೆಜಿ ಲೇತ್‌ನಲ್ಲಿ ತುರಿದು ತೆಗೆದಿದ್ದೆವು. ಶೆಡ್‌ನಲ್ಲಿ ಚೆನ್ನಾಗೇ ಓಡಿತು. ಚೇಂಬರ್‌ನಲ್ಲಿ ಮೈನಸ್ 15ಕ್ಕೆ ಕಾಕಾ ಹಗ್ಗ ಎಳೆದರು, ಕಂಪ್ರೆಶನ್ ದಾಟಿಸುವಷ್ಟು ಓಟ ಫ್ಲೈವೀಲ್‌ಗೆ ಇರಲಿಲ್ಲ, ಅರ್ಧಕ್ಕೆ ನಿಂತು ಹಿಂದಕ್ಕೆ ಒದೆಯಿತು. ಹಗ್ಗ ಕೈಯನ್ನೇ ಎಳೆದುಕೊಂಡಿತು. ಹದಿನೈದು ದಿನ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಓಡಾಡಿದರು, ಒಂದು ದಿನವೂ ಬೈಯಲಿಲ್ಲ, ಅದೇ ಜಾಸ್ತಿ ಬೇಜಾರಾಗಿದ್ದು. ಆ 3 ಕೆಜಿ ವಾಪಸ್ ಬಂತು. ನಾನು ಮೇಲೆ ಕೊಟ್ಟ 66.5 ಆ 3 ಕೆಜಿ ಸೇರಿಸಿಯೇ.

ಚೇಂಬರ್‌ನಲ್ಲಿ ಇನ್ನೊಂದು ಮೋಸ ಇದೆ. ಗೋಡೆಯ ಮೀಟರ್ ಮೈನಸ್ 20 ತೋರಿಸಿದ ತಕ್ಷಣ ಸೆಟ್ಟೂ ಮೈನಸ್ 20 ಆಗಿರೋದಿಲ್ಲ. ನಾವು ನಾಲ್ಕು ಗಂಟೆ ಇಟ್ಟು ಸ್ಟಾರ್ಟ್ ಮಾಡಿ ಕುಣಿದಾಡಿದೆವು, ಆಮೇಲೆ ನೋಡಿದರೆ ಎಂಜಿನ್ ತಳದ ಸಂಪ್‌ನ ಆಯಿಲ್ ಇನ್ನೂ ಮೈನಸ್ 8ರಲ್ಲಿತ್ತು. ಡಿಪ್‌ಸ್ಟಿಕ್ ತೂತಿನಿಂದ ತಾಪ ಅಳೆಯುವ ಒಂದು ತಂತಿ, ಥರ್ಮೋಕಪಲ್, ಇಳಿಸಿ, ಆಯಿಲ್ ಮೈನಸ್ 20 ಮುಟ್ಟಿದ ಮೇಲೆ ಲೆಕ್ಕ ಶುರು ಮಾಡಿ. ರಾತ್ರಿಯಿಡೀ ಇಟ್ಟರೆ ಇನ್ನೂ ಒಳ್ಳೇದು.

ಶೆಡ್‌ನಲ್ಲೇ ಮಾಡುವ ಟೆಸ್ಟ್‌ಗಳು

ಟೆಸ್ಟ್‌ಗೆ ಲೋಡ್ ಕೊಡುವ ಲೋಡ್ ಬ್ಯಾಂಕ್ ಕೊಳ್ಳಬೇಕಿಲ್ಲ. ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಗೀಸರ್ ಕಾಯಿಲ್, ಹ್ಯಾಲೊಜನ್ ದೀಪ ಸಿಗುತ್ತವೆ, ಒಂದು ಡ್ರಮ್ ನೀರಿನಲ್ಲಿ ಕಾಯಿಲ್ ಮುಳುಗಿಸಿ ಸ್ವಿಚ್ ಕಟ್ಟಿದರೆ ಆಯಿತು, ಅರ್ಥಿಂಗ್ ಮಾತ್ರ ಮರೆಯಬೇಡಿ. ಆದರೆ ಕಾಯಿಲ್‌ನ ಪವರ್ ಫ್ಯಾಕ್ಟರ್ 1. 0.8 ಬೇಕಾದರೆ ಚೋಕ್ ಅಥವಾ ಮೋಟರ್ ಜೊತೆಗೆ ಕಟ್ಟಬೇಕು.

ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಲೋಡ್, ಆಮೇಲೆ ಒಂದು ಗಂಟೆ ಶೇ. 10 ಜಾಸ್ತಿ. ಪ್ರತಿಯೊಂದರಲ್ಲೂ ವೋಲ್ಟ್, ಹರ್ಟ್ಸ್, ಹೊಗೆ, ಸೈಲೆನ್ಸರ್ ಬಿಸಿ, ಡೀಸೆಲ್ ತೂಕ ಬರೆಯಿರಿ. ಡೀಸೆಲ್ಲನ್ನು ಲೀಟರ್‌ನಲ್ಲಿ ಅಳೆಯಬೇಡಿ, ಡಬ್ಬಿಯನ್ನೇ ತಕ್ಕಡಿ ಮೇಲಿಟ್ಟು ತೂಗಿ. ಆಮೇಲೆ ಒಮ್ಮೆಲೇ ಲೋಡ್ ಹಾಕಿ, ಒಮ್ಮೆಲೇ ತೆಗೆಯಿರಿ. ಇದಕ್ಕೆ ಜನರೇಟರ್‌ಗಳ ಅಂತರರಾಷ್ಟ್ರೀಯ ನಿಯಮ ಐಎಸ್‌ಒ 8528ರಲ್ಲಿ ಜಿ1, ಜಿ2, ಜಿ3 ಅಂತ ದರ್ಜೆಗಳಿವೆ. ಖಾಲಿಯಿಂದ ಪೂರ್ತಿ ಲೋಡ್‌ಗೆ ಹರ್ಟ್ಸ್ ಇಳಿಯುವ ಮಿತಿ ಜಿ2ಗೆ ಶೇ. 5, ಜಿ3ಗೆ ಶೇ. 3. ವೋಲ್ಟೇಜ್ ಜಿ2ಗೆ ಎರಡೂ ಕಡೆ ಶೇ. 2.5, ಜಿ3ಗೆ ಶೇ. 1. ಇನ್ವರ್ಟರ್ ಸೆಟ್‌ನಲ್ಲಿ ಹರ್ಟ್ಸ್ ಅಲುಗಾಡೋದೇ ಇಲ್ಲ, ಅದನ್ನು ನೋಡಿ ಖುಷಿಪಡಬೇಡಿ. ಒಳಗಿನ ಡಿಸಿ ವೋಲ್ಟೇಜ್ ನೋಡಿ. 2,000ದಲ್ಲಿ ಓಡುತ್ತಿರುವ ಎಂಜಿನ್ ಮೇಲೆ ತಟ್ಟನೆ ರಾಡ್ ಹಾಕಿದರೆ ಅದು ವೇಗ ಏರಿಸಿಕೊಳ್ಳುವ ಮೊದಲೇ ಕುಸಿದು ನಿಲ್ಲಬಹುದು. ನಮ್ಮದು ನಿಂತಿತು. ಎಂಜಿನ್ ಏರುವ ತನಕ ಆ ಲಿಥಿಯಂ ಬ್ಯಾಟರಿಯೇ ಎರಡು ಮೂರು ಸೆಕೆಂಡ್ ಭಾರ ಹೊರುವಂತೆ ಮಾಡಿದ ಮೇಲೆ ಸರಿಹೋಯಿತು.

ಕಡಿಮೆ ಲೋಡ್‌ನಲ್ಲೂ ಗಂಟೆಗಟ್ಟಲೆ ಓಡಿಸಿ ನೋಡಿ. ಶೇ. 30ಕ್ಕಿಂತ ಕೆಳಗೆ ಬಹಳ ಹೊತ್ತು ಓಡಿದ ಡೀಸೆಲ್ ಸರಿಯಾಗಿ ಬಿಸಿಯಾಗದೆ, ಉರಿಯದ ಎಣ್ಣೆ ಮಸಿಯ ಜೊತೆ ಸೇರಿ ಸೈಲೆನ್ಸರ್ ಬಾಯಲ್ಲಿ ಕಪ್ಪಗೆ ಒಸರುತ್ತದೆ. ಪೋಸ್ಟ್‌ನಲ್ಲಿ ರಾತ್ರಿಯೆಲ್ಲ ಎರಡು ದೀಪ, ಒಂದು ರೇಡಿಯೋ ಮಾತ್ರ ಇರುತ್ತದಲ್ಲ, ಅಲ್ಲಿ ಇದೇ ಆಗೋದು. ದಿನಕ್ಕೊಮ್ಮೆ ಅರ್ಧ ಗಂಟೆ ಜೋರು ಲೋಡ್ ಕೊಡಿ ಅಂತ ಕೈಪಿಡಿಯಲ್ಲಿ ಬರೆಯಿರಿ. ಚಹಾದ ರಾಡ್ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಕಾಕಾಗೆ ಇದನ್ನು ಹೇಳಿದಾಗ ತುಂಬಾ ನಕ್ಕರು.

ಲ್ಯಾಬ್ ಟೆಸ್ಟ್‌ಗಳು

ಪುಣೆಯಲ್ಲಿರುವುದರ ಲಾಭ ಇಲ್ಲಿದೆ. ಕೋಥ್ರೂಡ್ ಗುಡ್ಡದ ಮೇಲೆ 1966ರಲ್ಲಿ ಶುರುವಾದ, ವಾಹನ ಟೆಸ್ಟ್ ಮಾಡುವ ಎಆರ್‌ಎಐ ಇದೆ, ದಿಘಿಯಲ್ಲಿ ಡಿಆರ್‌ಡಿಒದ ಎಂಜಿನಿಯರಿಂಗ್ ಲ್ಯಾಬ್ ಆರ್ ಅಂಡ್ ಡಿಇ ಇದೆ, ದಾಪೋಡಿಯಲ್ಲಿ ಸೇನೆಯ ಎಂಜಿನಿಯರಿಂಗ್ ಕಾಲೇಜು ಇದೆ, ಖಡಕಿಯಲ್ಲಿ 1946ರಿಂದ ಕಿರ್ಲೋಸ್ಕರ್ ಎಂಜಿನ್ ಇದೆ. ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾವ್ ಹುಟ್ಟಿದ್ದು ನಮ್ಮ ಬೆಳಗಾವಿ ಕಡೆಯ ಗುರ್ಲಹೊಸೂರಿನಲ್ಲಿ ಅಂತ ನಾವಿಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿರುತ್ತೇವೆ. ಡೀಸೆಲ್ ಗೊತ್ತಿರುವ ಕೈಗಳು ಈ ಊರಲ್ಲಿ ಗಲ್ಲಿಗೊಂದು ಸಿಗುತ್ತವೆ.

ನಮ್ಮ ದೇಶದಲ್ಲಿ ಸೇನೆಯ ಎಲೆಕ್ಟ್ರಿಕಲ್ ಸಾಮಾನುಗಳಿಗೆ ಜೆಎಸ್‌ಎಸ್ 55555 ಅನ್ನುವ ಟೆಸ್ಟ್ ನಿಯಮ ಇದೆ, ಅಮೆರಿಕದ್ದು ಮಿಲ್-ಸ್ಟ್ಯಾಂಡರ್ಡ್ 810. ಬಿಸಿ, ಚಳಿ, ಮಳೆ, ತೇವ, ಉಪ್ಪು ಮಂಜು, ಮರಳು, ನಡುಕ, ಬೀಳುವುದು ಎಲ್ಲ ಇದೆ. ಮಳೆ ಟೆಸ್ಟ್‌ಗೆ ದುಡ್ಡು ಕಟ್ಟುವ ಮೊದಲು ಜುಲೈನಲ್ಲಿ ಲೋನಾವಳಾದ ಗೆಳೆಯನ ಮನೆ ಅಂಗಳದಲ್ಲಿ ಮೂರು ದಿನ ಇಟ್ಟೆವು, ಪುಕ್ಕಟೆ. ಕಂಟ್ರೋಲ್ ಡಬ್ಬಿಯೊಳಗೆ ನೀರು ವೈರನ್ನೇ ಹಿಡಿದು ಇಳಿದು ಬಂದಿತ್ತು. ವೈರ್ ಡಬ್ಬಿಗೆ ಕೆಳಗಿನಿಂದ ಹೋಗಬೇಕು, ಮೇಲಿಂದ ಅಲ್ಲ.

ಬೀಳಿಸುವ ಟೆಸ್ಟ್ ಬಗ್ಗೆ ಒಂದು ತಮಾಷೆ ಇದೆ. 810ರ ಪ್ರಕಾರ ಸುಮಾರು 45 ಕೆಜಿ ಒಳಗಿನ, ಮನುಷ್ಯ ಹೊರುವ ವಸ್ತುವನ್ನು 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸುತ್ತಾರೆ. 6 ಮುಖ, 12 ಅಂಚು, 8 ಮೂಲೆ. ಅದಕ್ಕಿಂತ ಭಾರ ಇದ್ದರೆ ಎತ್ತರ ಕಡಿಮೆ. ಅಂದರೆ ನೀವು ಕಷ್ಟಪಟ್ಟು ಹಗುರ ಮಾಡಿದಷ್ಟೂ ಅವರು ಮೇಲಿನಿಂದ ಎಸೆಯುತ್ತಾರೆ. ಮಗುಚಿ ಬಿದ್ದ ಮೇಲೆ ತಕ್ಷಣ ಸ್ಟಾರ್ಟ್ ಮಾಡಬೇಡಿ, ಆಯಿಲ್ ಸಿಲಿಂಡರ್‌ಗೆ ಸೇರಿರುತ್ತದೆ, ಅದು ಒತ್ತಿಕೊಳ್ಳೋದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಲಿವರ್ ಎತ್ತಿ ಹತ್ತು ಸಲ ಎಳೆದು ಆಮೇಲೆ.

ರೇಡಿಯೋ ತೊಂದರೆಗೆ ಮಿಲ್-ಸ್ಟ್ಯಾಂಡರ್ಡ್ 461. ಸ್ಪಾರ್ಕ್ ಪ್ಲಗ್ ಇಲ್ಲ ಅಂತ ನಾನು ಮೇಲೆ ಹೊಗಳಿದೆನಲ್ಲ, ಆ ಲಾಭವನ್ನೆಲ್ಲ ಇನ್ವರ್ಟರ್ ತಿಂದುಬಿಡುತ್ತದೆ. ಅದರ ಸ್ವಿಚಿಂಗ್ ಸದ್ದು ವೈರ್‌ಗಳಲ್ಲಿ ಹೊರಟು ಅದೇ ರೇಡಿಯೋಗೆ ಹೋಗುತ್ತದೆ. ಫಿಲ್ಟರ್‌ಗೆ ಜಾಗ ಮತ್ತು ಅರ್ಧ ಕೆಜಿ ತೂಕ ಮೊದಲೇ ಖಾತೆಯಲ್ಲಿ ಬರೆದಿಡಿ, ಕೊನೆಗೆ ತುರುಕಲು ಆಗೋದಿಲ್ಲ.

ಸದ್ದು. ಊರಿನ ಜನರೇಟರ್‌ಗಳಿಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಅನ್ನುವ ನಿಯಮ ಇದೆ. ಸೇನೆಗೆ ಬೇಕಾದದ್ದು ಬೇರೆ ಪ್ರಶ್ನೆ: ರಾತ್ರಿ ಎಷ್ಟು ದೂರಕ್ಕೆ ಕೇಳಿಸುತ್ತದೆ? ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. 7 ಮೀಟರ್‌ನಲ್ಲಿ 70 ಇದ್ದರೆ 100 ಮೀಟರ್‌ನಲ್ಲಿ 47, 400 ಮೀಟರ್‌ನಲ್ಲಿ 35. ಹಿಮದ ರಾತ್ರಿಯಲ್ಲಿ ಅದೂ ಕೇಳಿಸುತ್ತದೆ. ಸೈಲೆನ್ಸರ್ ದೊಡ್ಡದು ಮಾಡಿದರೆ ತೂಕ, ಹಾಗಾಗಿ ಕಡಿಮೆ ಲೋಡ್‌ನಲ್ಲಿ ನಿಧಾನ ಓಡುವುದೇ ನಮ್ಮ ಮುಖ್ಯ ಔಷಧಿ. ಹೊಗೆಯನ್ನು ತಂಪು ಗಾಳಿಯ ಜೊತೆ ಬೆರೆಸಿ ಬಿಟ್ಟರೆ ಬಿಸಿ ನೋಡುವ ಕ್ಯಾಮೆರಾಗೂ ಕಡಿಮೆ ಕಾಣುತ್ತದೆ.

ಮೇಲೆ ಹೋದಾಗ

ಲೇಹ್ ಮುಟ್ಟಿದ ಮೊದಲ ಎರಡು ದಿನ ಸೆಟ್ ಮುಟ್ಟಬೇಡಿ, ನೀವೇ ಮಲಗಿ. ಹುಮ್ಮಸ್ಸಿನಲ್ಲಿ ಓಡಾಡಿ ನಮ್ಮ ಹುಡುಗನೊಬ್ಬ ಆಕ್ಸಿಜನ್ ಹಿಡಿದ.

ಮೊದಲು ಕಾಣೋದು ಕಪ್ಪು ಹೊಗೆ. ಗಾಳಿ ಕಡಿಮೆ, ಡೀಸೆಲ್ ಪಂಪ್ ಮಾತ್ರ ಪುಣೆಯಷ್ಟೇ ಎಣ್ಣೆ ಕೊಡುತ್ತಿದೆ. ಪಂಪಿನ ಸ್ಟಾಪ್ ಸ್ಕ್ರೂಗೆ ಎರಡು ಜಾಗ ಮಾಡಿ, ಬಯಲಿಗೆ ಒಂದು, ಎತ್ತರಕ್ಕೆ ಒಂದು, ನಡುವೆ ಯಾರೂ ಕೈ ಆಡಿಸದಂತೆ ಸೀಲ್ ಮಾಡಿ. ಫ್ಯಾನ್ ಬೀಸುವ ಗಾಳಿಯೂ ತೆಳ್ಳಗಿರುತ್ತದೆ, 5,000 ಮೀಟರ್‌ನಲ್ಲಿ ಅದರ ಸಾಂದ್ರತೆ ಶೇ. 60 ಮಾತ್ರ, ಚಳಿ ಇದೆ ಅಂತ ಬಿಡದೆ ಸಿಲಿಂಡರ್ ಹೆಡ್ ಬಿಸಿ ನೋಡುತ್ತಿರಿ. ಇಷ್ಟಾದರೂ ಬಂಕರ್ ಒಳಗೆ ಮಾತ್ರ ಓಡಿಸಬಾರದು, ಹೊಗೆ ಕೊಳವೆ ಹೊರಗೆ ಹಾಕಿದರೂ ಹಿಮ ಬಿದ್ದು ಬಾಯಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಈ ಎಚ್ಚರಿಕೆಯನ್ನು ಸ್ಟಿಕರ್ ಮಾಡಬೇಡಿ, ಪ್ಲೇಟಿನಲ್ಲಿ ಕೊರೆಯಿರಿ, ಹಿಂದಿಯಲ್ಲಿ ಮತ್ತು ಚಿತ್ರದಲ್ಲಿ.

ಸೇನೆಯ ಟ್ರಯಲ್‌ಗೆ ಕರೆ ಬಂದರೆ ತುಂಬಾ ಸಲ ನಿಮ್ಮ ಖರ್ಚಿನಲ್ಲೇ ಹೋಗಬೇಕು, ಅವರ ಕಡೆಯಿಂದ ಮಾತು ಕೊಟ್ಟಂತೆಯೂ ಅಲ್ಲ. ಎರಡು ನಾಜಲ್, ಎರಡು ಹಗ್ಗ, ಫಿಲ್ಟರ್‌ಗಳು, ಒಂದು ಇಡೀ ಇನ್ವರ್ಟರ್ ಜೊತೆಗಿರಲಿ.

ಹೊರಡುವ ಹಿಂದಿನ ದಿನ ಕಾಕಾ ಶೆಡ್‌ಗೆ ಬಂದರು. ತಮ್ಮ ಹಳೇ ದಪ್ಪ ಕೈಗವಸು ಹಾಕಿಕೊಂಡು, ಕರೆಂಟ್ ಆರಿಸಿ ಅಂದರು. ಕತ್ತಲಲ್ಲಿ ಲಿವರ್ ಸಿಕ್ಕಿತು, ಹಗ್ಗ ಸಿಕ್ಕಿತು, ಎರಡನೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಬಂದ್ ಮಾಡಿ ಡೀಸೆಲ್ ಮುಚ್ಚಳ ತೆಗೆಯಲು ಹೋದರು. ಗುಂಡಗಿನ ನುಣುಪು ಮುಚ್ಚಳ, ಗವಸಿನ ಕೈಯಲ್ಲಿ ಜಾರುತ್ತಲೇ ಇತ್ತು.

"ತಮ್ಮಾ, ಇದಕ್ಕೊಂದು ಕಿವಿ ಇಡು."

ರಾತ್ರಿ ಹನ್ನೊಂದಕ್ಕೆ ಒಂದು ಅಲ್ಯೂಮಿನಿಯಂ ತುಂಡು ಬಗ್ಗಿಸಿ ಮುಚ್ಚಳಕ್ಕೆ ಕಿವಿ ಹಾಕಿದೆವು. ತೂಗಿದೆ, 22 ಗ್ರಾಂ. ಖಾತೆಯಲ್ಲಿ ಬರೆದಿದ್ದೇನೆ.